ಜಾಮೀನು ಸಿಕ್ಕರೂ ಜೈಲಿನಲ್ಲೇ: ಕೈದಿಗಳ ಭೇಟಿಗೆ ಹೋಗುವವರಿಂದ ನಮ್ಮ ಸಂಘಗಳು ಕಲಿಯಬೇಕಾದದ್ದೇನು?

ಮಂಜಲ್‌ಪುರ (ವಡೋದರಾ): ಹೊರನಾಡಿನಲ್ಲಿ ನಮ್ಮ ಊರವರೊಬ್ಬರು ತೀರಿಕೊಂಡರೆ ಮಧ್ಯರಾತ್ರಿಯಾದರೂ ಸಂಘದವರು ಓಡಿ ಬರುತ್ತಾರೆ. ಆಸ್ಪತ್ರೆಗೆ ಸೇರಿದರೆ ರಕ್ತ ಕೊಡಲು ಹತ್ತು ಜನ ಯುವಕರು ಸಾಲು ನಿಲ್ಲುತ್ತಾರೆ. ಬಡವರ ಮಗಳ ಮದುವೆ ಎಂದರೆ ದಾನಿಗಳ ಕೊರತೆಯಿಲ್ಲ. ಆದರೆ ಊರಿನ ಹುಡುಗನೊಬ್ಬ ಪೊಲೀಸ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ ಎಂಬ ಸುದ್ದಿ ಬಂದರೆ ಅದೇ ಫೋನುಗಳು ಮೌನವಾಗುತ್ತವೆ. "ಯಾರ ಕಡೆಯವನು?", "ಸಂಘದ ಸದಸ್ಯನೇ?" ಎಂಬ ಪ್ರಶ್ನೆಗಳು ಬರುತ್ತವೆ, "ಏನು ಸಹಾಯ ಬೇಕು?" ಎಂಬ ಪ್ರಶ್ನೆ ಬರುವುದಿಲ್ಲ. ಇದರಲ್ಲಿ ಯಾರನ್ನೂ ದೂರುವ ಉದ್ದೇಶವಿಲ್ಲ. ಜೈಲು ಎಂದರೆ ಮಾನ ಹೋಗುವ ಜಾಗ ಎಂಬ ಭಾವನೆ ನಮ್ಮೆಲ್ಲರ ಮನೆಗಳಲ್ಲೂ ಬೆಳೆದು ಬಂದದ್ದು.

ಹಾಗಿದ್ದರೂ ಜೈಲಿನ ಬಾಗಿಲಿಗೆ ತಾವಾಗಿಯೇ ಹೋಗಿ ನಿಲ್ಲುವ ಒಂದು ವರ್ಗ ನಮ್ಮ ದೇಶದಲ್ಲಿದೆ. ರಕ್ತಸಂಬಂಧವಿಲ್ಲ, ಪರಿಚಯವಿಲ್ಲ, ಸಂಬಳವಿಲ್ಲ. ವಾರದ ಒಂದು ದಿನ ಬಿಡುವು ಮಾಡಿಕೊಂಡು ಕೈದಿಗಳ ಜೊತೆ ಮಾತನಾಡಿ ಬರುವ ಕ್ರೈಸ್ತ ಸ್ವಯಂಸೇವಕರು ಇವರು. ಧರ್ಮಗುರುಗಳು, ಧರ್ಮಭಗಿನಿಯರು, ನಿವೃತ್ತ ಶಿಕ್ಷಕಿಯರು, ಬ್ಯಾಂಕ್ ನೌಕರರು, ಗೃಹಿಣಿಯರು ಎಲ್ಲರೂ ಇದರಲ್ಲಿದ್ದಾರೆ. ಇವರ ಸೇವೆಯನ್ನು ಹೊಗಳಿ ಮುಗಿಸಿದರೆ ಈ ಲೇಖನದ ಅಗತ್ಯವೇ ಇರಲಿಲ್ಲ. ಈ ಸೇವೆ ಎಲ್ಲಿಯವರೆಗೆ ಮುಟ್ಟುತ್ತದೆ, ಎಲ್ಲಿ ನಿಂತುಬಿಡುತ್ತದೆ, ಆ ನಿಂತ ಜಾಗದಲ್ಲಿ ನಮ್ಮ ಕನ್ನಡ ಸಂಘಗಳಿಗೆ ಏನಾದರೂ ಕೆಲಸವಿದೆಯೇ ಎಂಬುದನ್ನು ನೋಡಬೇಕಾಗಿದೆ.

ಎಲ್ಲಿಂದ ಬಂತು ಈ ಸೇವೆ?

ಕ್ರೈಸ್ತರ ಪವಿತ್ರ ಗ್ರಂಥದ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಪ್ರಸಂಗವಿದೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ರೋಗಿಯ ಆರೈಕೆ ಇವುಗಳ ಸಾಲಿನಲ್ಲೇ ಸೆರೆಯಲ್ಲಿದ್ದವನ ಭೇಟಿಯನ್ನೂ ಯೇಸು ಸೇರಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸೆರೆಯಲ್ಲಿದ್ದವನು ನಿರಪರಾಧಿಯಾಗಿದ್ದರೆ ಮಾತ್ರ ನೋಡಲು ಹೋಗಿ ಎಂಬ ಷರತ್ತು ಅಲ್ಲಿಲ್ಲ. ತಪ್ಪು ಮಾಡಿದನೋ ಇಲ್ಲವೋ ಎಂಬುದು ನ್ಯಾಯಾಲಯದ ಕೆಲಸ. ನೋಡಲು ಹೋಗುವುದು ಮನುಷ್ಯನ ಕೆಲಸ.

ಮಂಜಲ್‌ಪುರದವರಿಗೆ ಇದರ ಒಂದು ಕೊಂಡಿ ತೀರಾ ಹತ್ತಿರದಲ್ಲೇ ಇದೆ. ನಮ್ಮ ಪಕ್ಕದ ಮಕರ್‌ಪುರಾದ ಡಾನ್ ಬಾಸ್ಕೊ ಸಂಸ್ಥೆಯ ಮುಂದೆ ನಾವು ಎಷ್ಟೋ ಸಲ ಹಾದುಹೋಗಿದ್ದೇವೆ. ಆ ಹೆಸರಿನ ಸಂತ ಜಾನ್ ಬಾಸ್ಕೊ 1841ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಗುರುದೀಕ್ಷೆ ಪಡೆದ ಬಳಿಕ ತನ್ನ ಹಿರಿಯ ಮಾರ್ಗದರ್ಶಿ ರೆ| ಫಾ| ಜೋಸೆಫ್ ಕಫಾಸೊ ಅವರೊಂದಿಗೆ ಆ ನಗರದ ಜೈಲುಗಳಿಗೆ ಹೋಗುತ್ತಿದ್ದರು. ಹನ್ನೆರಡರಿಂದ ಹದಿನೆಂಟರ ಹರೆಯದ ಹುಡುಗರು ಅಲ್ಲಿ ತುಂಬಿದ್ದರು. ಹೊರಗೆ ಬಿಟ್ಟರೂ ಕೆಲವೇ ದಿನಗಳಲ್ಲಿ ಅದೇ ಹುಡುಗರು ಮರಳಿ ಬರುತ್ತಿದ್ದರು. ಕಾರಣ, ಹೊರಗೆ ಅವರಿಗೆ 'ನಮ್ಮವರು' ಎನ್ನುವವರು ಯಾರೂ ಇರಲಿಲ್ಲ. ಹಳ್ಳಿಯಿಂದ ನಗರದ ಕೆಲಸಕ್ಕೆ ಬಂದು ದಿಕ್ಕಿಲ್ಲದಂತಾದ ಹುಡುಗರೂ ಅವರಲ್ಲಿದ್ದರು. ಅದನ್ನು ಕಂಡೇ ಬಾಸ್ಕೊ ಹುಡುಗರಿಗಾಗಿ ವಸತಿ, ಕಸುಬು, ಶಾಲೆಗಳ ಕೆಲಸಕ್ಕೆ ಇಳಿದರು. ಇಂದು ಜಗತ್ತಿನಾದ್ಯಂತ ಇರುವ ಡಾನ್ ಬಾಸ್ಕೊ ತಾಂತ್ರಿಕ ಶಾಲೆಗಳ ಬೇರು ಒಂದು ಜೈಲು ಭೇಟಿಯಲ್ಲಿದೆ ಎಂದರೆ ತಪ್ಪಾಗಲಾರದು.

ಭಾರತದಲ್ಲಿ ಈ ಕೆಲಸಕ್ಕೆ ಸಂಘಟಿತ ರೂಪ ಬಂದದ್ದು 1980ರ ದಶಕದಲ್ಲಿ. ಕೇರಳದಲ್ಲಿ ಸೆಮಿನರಿ ವಿದ್ಯಾರ್ಥಿಗಳಾಗಿದ್ದ ಫ್ರಾನ್ಸಿಸ್ ಕೊಡಿಯನ್ ಮತ್ತು ವರ್ಗೀಸ್ ಕರಿಪ್ಪೇರಿ ಅವರು ಆರಂಭಿಸಿದ ಚಿಕ್ಕ ಕೂಟವೇ ಬೆಳೆದು 'ಪ್ರಿಸನ್ ಮಿನಿಸ್ಟ್ರಿ ಇಂಡಿಯಾ' ಆಯಿತು. ಇದರ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೇ ಭಾನುವಾರವನ್ನು ಇಗರ್ಜಿಗಳಲ್ಲಿ ಕೈದಿಗಳಿಗಾಗಿ ಮೀಸಲಿಡುತ್ತಾರೆ. ನಾಝಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಹೆಂಡತಿ ಮಕ್ಕಳಿದ್ದ ಇನ್ನೊಬ್ಬ ಕೈದಿಯ ಬದಲಿಗೆ ತಾನು ಸಾಯಲು ಮುಂದೆ ಬಂದು 1941ರ ಆಗಸ್ಟ್ 14ರಂದು ಪ್ರಾಣ ಬಿಟ್ಟ ಪೋಲೆಂಡಿನ ಗುರು ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಈ ಸಂಘಟನೆಯ ಪಾಲಕ ಸಂತ.

ಹೊರದೇಶದ ಇನ್ನೊಂದು ಉದಾಹರಣೆಯೂ ಕುತೂಹಲಕರ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಆಪ್ತನಾಗಿದ್ದ ಚಾರ್ಲ್ಸ್ ಕೋಲ್ಸನ್ ವಾಟರ್‌ಗೇಟ್ ಹಗರಣದ ಕಾಲದಲ್ಲಿ ತಪ್ಪೊಪ್ಪಿಕೊಂಡು ಏಳು ತಿಂಗಳು ಜೈಲಿನಲ್ಲಿದ್ದರು. ಅಧಿಕಾರದ ಶಿಖರದಲ್ಲಿದ್ದಾಗ ಕಾಣದ ಜನ ಅವರಿಗೆ ಅಲ್ಲಿ ಕಂಡರು. ಹೊರಬಂದು 1976ರಲ್ಲಿ ಅವರು ಕಟ್ಟಿದ 'ಪ್ರಿಸನ್ ಫೆಲೋಶಿಪ್' ನಂತರ ಹಲವು ದೇಶಗಳಿಗೆ ಹಬ್ಬಿತು. ಇನ್ನು ಪೋಪ್ ಫ್ರಾನ್ಸಿಸ್ ಅವರು 2013ರಲ್ಲಿ ಪೀಠವೇರಿದ ಕೆಲವೇ ದಿನಗಳಲ್ಲಿ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಕೈದಿಗಳ ಪಾದ ತೊಳೆದರು. 2025ರ ಏಪ್ರಿಲ್ 17ರಂದು, ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲು, ತೀವ್ರ ಅನಾರೋಗ್ಯದ ನಡುವೆಯೂ ರೋಮ್‌ನ ರೆಜಿನಾ ಚೇಲಿ ಜೈಲಿಗೆ ಹೋಗಿ ಬಂದರು.

ಗುಜರಾತಿನ ಜೈಲುಗಳು, ದೇಶದ ಅಂಕಿಅಂಶ

ನಾವು ನೆಲೆಸಿರುವ ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ನಗರಗಳಿಗೆ ಕೇಂದ್ರ ಕಾರಾಗೃಹಗಳಿವೆ. ಅಹಮದಾಬಾದಿನ ಸಾಬರಮತಿ ಜೈಲಿಗೆ ಚರಿತ್ರೆಯಲ್ಲೇ ಸ್ಥಾನವಿದೆ. ಬಾಲಗಂಗಾಧರ ತಿಲಕರನ್ನು 1908ರಲ್ಲಿ ಮಂಡಾಲೆಗೆ ಕಳಿಸುವ ಮೊದಲು ಇಲ್ಲಿಟ್ಟಿದ್ದರು. 1922ರ ಮಾರ್ಚ್‌ನಲ್ಲಿ ಗಾಂಧೀಜಿಯವರನ್ನು ಬಂಧಿಸಿ ತಂದದ್ದೂ ಇಲ್ಲಿಗೇ. ಅದೇ ಜೈಲಿನ ಕೈದಿಗಳು ಕರಿಯುವ ಭಜಿಯಾ ತಿನ್ನಲು ಅಹಮದಾಬಾದಿನ ಜನ ಸಾಲು ನಿಲ್ಲುವುದನ್ನು ಅಲ್ಲಿನ ನಮ್ಮ ಕನ್ನಡಿಗರೆಲ್ಲ ಕಂಡಿದ್ದಾರೆ. ಹೋಟೆಲ್ ಉದ್ಯಮವನ್ನೇ ಕಟ್ಟಿ ಬೆಳೆಸಿದ ನಮ್ಮವರಿಗೆ ಆ ಭಜಿಯಾದ ರುಚಿಯ ಬಗ್ಗೆ ಅಭಿಪ್ರಾಯವಿರಬಹುದು. ಆದರೆ ಅದನ್ನು ಕರಿದ ಕೈ ಯಾರದು, ಅವನು ಹೊರಬಂದ ಮೇಲೆ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಅವನಿಗೆ ಕೆಲಸವಿದೆಯೇ ಎಂದು ನಾವು ಕೇಳಿಕೊಂಡಿಲ್ಲ.

ದೇಶದ ಒಟ್ಟು ಚಿತ್ರವನ್ನು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಡಿಸೆಂಬರ್ 31ರಂದು ಭಾರತದ ಜೈಲುಗಳಲ್ಲಿದ್ದವರು 5,73,220 ಮಂದಿ. ಇವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ಅಪರಾಧ ಸಾಬೀತಾಗಿಯೇ ಇರಲಿಲ್ಲ. ನೂರು ಜನರಿಗೆ ಇರುವ ಜಾಗದಲ್ಲಿ 131 ಮಂದಿ ಇದ್ದರು. "ಜೈಲಿಗೆ ಹೋದವನು" ಎಂದು ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುವವರಲ್ಲಿ ಹೆಚ್ಚಿನವರು ಕಾನೂನಿನ ಕಣ್ಣಿನಲ್ಲಿ ಇನ್ನೂ ಅಪರಾಧಿಗಳೇ ಅಲ್ಲ.

ಭೇಟಿಯಿಂದ ಆಗುವುದೇನು, ಆಗದಿರುವುದೇನು?

ಹೊರಗಿನವರಿಗೆ ಈ ಸೇವೆ ಎಂದರೆ ಕ್ರಿಸ್ಮಸ್ ಹಬ್ಬದ ಕೇಕು, ಹಾಡು, ಒಂದು ಫೋಟೊ. ನಿಜವಾದ ಕೆಲಸ ಉಳಿದ ದಿನಗಳಲ್ಲಿದೆ. ಇಲಾಖೆಯ ಅನುಮತಿ ಇಲ್ಲದೆ ಒಳಗೆ ಪ್ರವೇಶವಿಲ್ಲ. ಮೊಬೈಲ್ ಗೇಟಿನಲ್ಲೇ ಬಿಡಬೇಕು. ಏನು ಕೊಡಬಹುದು, ಯಾರಿಗೆ ಕೊಡಬಹುದು ಎಂಬುದು ಜೈಲಿನ ಅಧೀಕ್ಷಕರ ನಿರ್ಧಾರ. ಸಾಬೂನು, ಚಪ್ಪಲಿ, ಕನ್ನಡಕ ಇಂಥ ಸಣ್ಣ ವಸ್ತುಗಳು ಒಳಗೆ ದೊಡ್ಡವು. ಅದಕ್ಕಿಂತ ದೊಡ್ಡದು ಸುದ್ದಿ. ಮನೆಯವರಿಗೆ ಒಂದು ಫೋನ್ ಮಾಡಿ "ಅವನು ಚೆನ್ನಾಗಿದ್ದಾನೆ" ಎಂದು ಹೇಳುವುದು, ಮಗುವಿನ ಶಾಲೆಯ ಶುಲ್ಕ ಕಟ್ಟಿದ ವಿಷಯವನ್ನು ತಂದೆಗೆ ತಿಳಿಸುವುದು, ತಾಯಿ ತೀರಿಕೊಂಡ ಸುದ್ದಿಯನ್ನು ಪಕ್ಕದಲ್ಲಿ ಕುಳಿತು ಹೇಳುವುದು. ಮಹಿಳಾ ಕೈದಿಗಳ ಜೊತೆ ಆರು ವರ್ಷದವರೆಗಿನ ಮಕ್ಕಳು ಇರಬಹುದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆರು ತುಂಬಿದ ದಿನ ಆ ಮಗು ಎಲ್ಲಿಗೆ ಹೋಗಬೇಕು? ಬಂಧುಗಳು ಮುಖ ತಿರುಗಿಸಿದಾಗ ಇಂಥ ಮಕ್ಕಳಿಗೆ ಆಶ್ರಯ ಕೊಡುವ ಕೆಲಸವೂ ಈ ಸೇವೆಯ ಭಾಗವೇ.

ಆದರೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪ್ರಾರ್ಥನೆ ಮನಸ್ಸಿಗೆ ಧೈರ್ಯ ಕೊಡುತ್ತದೆ, ಜೈಲಿನ ಬೀಗ ತೆಗೆಯುವುದಿಲ್ಲ. ಅನೇಕರ ವಿಷಯದಲ್ಲಿ ಆ ಬೀಗ ಇರುವುದು ಜೈಲಿನ ಗೇಟಿನಲ್ಲೂ ಅಲ್ಲ, ಜಾಮೀನಿನ ಕಾಗದದಲ್ಲಿ.

ಕನ್ನಡಿಗನ ಹೆಸರೆತ್ತಿದ ತೀರ್ಪು

ನ್ಯಾಯಾಲಯ ಜಾಮೀನು ಕೊಟ್ಟರೂ ಹೊರಬರಲಾಗದವರು ನಮ್ಮ ಜೈಲುಗಳಲ್ಲಿದ್ದಾರೆ. ಕಾರಣ ಸರಳ. ಇಷ್ಟು ಸಾವಿರದ ಭದ್ರತೆ, ಸ್ಥಳೀಯ ಜಾಮೀನುದಾರ ಎಂಬ ಷರತ್ತು ಇರುತ್ತದೆ. ಉಡುಪಿ ಕಡೆಯಿಂದಲೋ, ಕಲಬುರಗಿ ಕಡೆಯಿಂದಲೋ ಬಂದು ಹೋಟೆಲಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ಹುಡುಗನಿಗೆ ವಡೋದರಾದಲ್ಲಿ ಆಸ್ತಿಯುಳ್ಳ ಜಾಮೀನುದಾರ ಎಲ್ಲಿಂದ ಬರಬೇಕು? ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಎರಡು ಎಕರೆ ಇದ್ದರೂ ಅದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದರೆ ಅವನು ಏನು ಮಾಡಬೇಕು?

ಈ ಪ್ರಶ್ನೆ ಹೊಸದಲ್ಲ. 1978ರಲ್ಲಿ ಮೋತಿರಾಮ್ ಎಂಬ ಬಡ ಗಾರೆ ಕೆಲಸಗಾರನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅದೇ ಕೋರ್ಟು ಅವನಿಗೆ ಜಾಮೀನು ಕೊಟ್ಟಿದ್ದರೂ ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಭದ್ರತೆ ಕೇಳಿದ್ದರು. ಜಾಮೀನು ನಿಲ್ಲಲು ಬಂದ ಸ್ವಂತ ಅಣ್ಣತಮ್ಮನನ್ನೂ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಿರಲಿಲ್ಲ. ನ್ಯಾ| ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಕಟುವಾಗಿ ಟೀಕಿಸಿದರು. ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ದೂರದ ಬಸ್ತರ್, ಪೋರ್ಟ್‌ಬ್ಲೇರ್‌ಗಳಲ್ಲಿ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತಂದಾನು ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ದೇಶದ ಅತ್ಯುನ್ನತ ನ್ಯಾಯಾಲಯ ಹೊರನಾಡ ಕನ್ನಡಿಗನನ್ನು ಹೆಸರಿಟ್ಟು ನೆನೆದ ಈ ತೀರ್ಪಿನ ವಿಷಯ ನಮ್ಮ ಎಷ್ಟು ಸಂಘಗಳಿಗೆ ಗೊತ್ತಿದೆ? ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಕೋರ್ಟು ಆದೇಶಿಸಿತು.

ನಲವತ್ತೈದು ವರ್ಷ ಕಳೆದರೂ ಸಮಸ್ಯೆ ಹಾಗೆಯೇ ಉಳಿದಿತ್ತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ನಿರ್ದೇಶನಗಳನ್ನು ಕೊಡಬೇಕಾಯಿತು. ಜಾಮೀನು ಆದೇಶದ ಪ್ರತಿಯನ್ನು ಇ-ಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಭದ್ರತೆ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯವೇ ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಒತ್ತಾಯ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದಿರುವುದು ಒಳಿತು ಎಂದೂ ಕೋರ್ಟು ಹೇಳಿತು.

ಅದೇ ವರ್ಷ ಕೇಂದ್ರ ಸರಕಾರ ಬಡ ಕೈದಿಗಳ ನೆರವಿನ ಯೋಜನೆಯನ್ನು ತಂದಿತು. ಜಾಮೀನಿನ ಹಣ ಹೊಂದಿಸಲಾಗದ ವಿಚಾರಣಾಧೀನರಿಗೆ 40,000 ರೂಪಾಯಿಯವರೆಗೆ, ದಂಡ ಕಟ್ಟಲಾಗದ ಸಜಾ ಕೈದಿಗಳಿಗೆ 25,000 ರೂಪಾಯಿಯವರೆಗೆ ನೆರವು 2023ರ ನಿಯಮಗಳಲ್ಲಿತ್ತು. ಮಾದಕ ದ್ರವ್ಯ, ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಯುಎಪಿಎ ಪ್ರಕರಣಗಳಿಗೆ ಇದು ಅನ್ವಯವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ಆರೋಪಿಯು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣೆಯ ಹಂತದಲ್ಲೇ ಒಳಗೆ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೂ ಈ ರಿಯಾಯಿತಿ ಇಲ್ಲ.

ಹಾಗಾದರೆ ಕಾನೂನಿನ ಕೊರತೆ ಇಲ್ಲ. ಕೊರತೆ ಇರುವುದು ಆ ಕಾನೂನನ್ನು ಆ ಹುಡುಗನ ಹೆಸರಿಗೆ ಜೋಡಿಸುವ ಮನುಷ್ಯನದು. ಅವನು ಎಷ್ಟು ದಿನದಿಂದ ಒಳಗಿದ್ದಾನೆ ಎಂದು ಲೆಕ್ಕ ಹಾಕಿ, ಅರ್ಜಿ ಬರೆಸಿ, ವಕೀಲರನ್ನು ನೆನಪಿಸಿ, ತಾರೀಖಿನ ದಿನ ಕೋರ್ಟಿನಲ್ಲಿ ಕಾಣಿಸಿಕೊಳ್ಳುವ ಒಬ್ಬರು ಬೇಕು. ವಾರಕ್ಕೊಮ್ಮೆ ಜೈಲಿಗೆ ಹೋಗುವ ಸ್ವಯಂಸೇವಕನ ನಿಜವಾದ ಬೆಲೆ ಇಲ್ಲಿದೆ. ಯಾರು ಒಳಗೆ ಉಳಿದುಬಿಟ್ಟಿದ್ದಾರೆ ಎಂಬುದು ಮೊದಲು ಗೊತ್ತಾಗುವುದು ಅವನಿಗೆ.

ಅನುಮಾನಗಳಿಗೂ ಉತ್ತರ ಬೇಕು

ಕ್ರೈಸ್ತರು ಜೈಲಿಗೆ ಹೋಗುವುದು ಮತಾಂತರಕ್ಕೆ ಎಂಬ ಅನುಮಾನ ಹಲವರಲ್ಲಿದೆ. ಗುಜರಾತಿನಲ್ಲಿ 2003ರ ಧರ್ಮ ಸ್ವಾತಂತ್ರ್ಯ ಕಾಯ್ದೆ ಇದೆ, 2021ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. ಬಲವಂತ, ಆಮಿಷ, ವಂಚನೆಯ ಮತಾಂತರ ಶಿಕ್ಷಾರ್ಹ. ಈ ಅನುಮಾನವನ್ನು ಬರೇ ದ್ವೇಷ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕೈದಿ ಅಸಹಾಯಕ. ಸಾಬೂನು ಕೊಟ್ಟ ಕೈ ಧರ್ಮಗ್ರಂಥವನ್ನೂ ಕೊಟ್ಟರೆ "ಬೇಡ" ಎನ್ನುವ ಸ್ವಾತಂತ್ರ್ಯ ಅವನಿಗೆ ಎಷ್ಟಿರುತ್ತದೆ? ಆದ್ದರಿಂದ ಸಹಾಯ ಬೇರೆ, ಪ್ರಾರ್ಥನೆ ಬೇರೆ ಎಂಬ ಗೆರೆಯನ್ನು ಸೇವೆ ಮಾಡುವವರು ತಾವಾಗಿಯೇ ಎಳೆದುಕೊಳ್ಳಬೇಕು. ಅನುಮಾನಪಡುವವರಿಗೂ ಒಂದು ಪ್ರಶ್ನೆ ಇದೆ. ಅಲ್ಲಿಗೆ ಅವರು ಹೋಗುವುದು ತಪ್ಪಾದರೆ, ನಾವು ಹೋಗದಿರುವುದು ಸರಿಯೇ? ಜೈಲಿನ ಬಾಗಿಲು ಒಂದು ಧರ್ಮದವರಿಗೆ ಮಾತ್ರ ತೆರೆದಿಲ್ಲ. ರಕ್ಷಾಬಂಧನದ ದಿನ ಗುಜರಾತಿನ ಜೈಲುಗಳಲ್ಲಿ ಅಕ್ಕತಂಗಿಯರು ರಾಖಿ ಕಟ್ಟುವ ದೃಶ್ಯವನ್ನು ಪತ್ರಿಕೆಗಳಲ್ಲಿ ವರ್ಷವೂ ನೋಡುತ್ತೇವೆ.

ಎರಡನೇ ಆಕ್ಷೇಪ ಇನ್ನೂ ಗಂಭೀರ. "ಅಪರಾಧಿಗೆ ಇಷ್ಟೆಲ್ಲ ಅನುಕಂಪ, ಅವನಿಂದ ನೊಂದವರಿಗೆ ಯಾರು?" ನ್ಯಾಯವಾದ ಪ್ರಶ್ನೆ. ಕೈದಿಯನ್ನು ನೋಡಲು ಹೋದವರು ನೊಂದ ಮನೆಯ ಬಾಗಿಲನ್ನೂ ತಟ್ಟಬೇಕು. ಅದಾಗದ ಸೇವೆ ಅರ್ಧ ಸೇವೆ. ಆದರೆ ವಿಚಾರಣೆಯಿಲ್ಲದೆ ಒಬ್ಬನನ್ನು ಒಳಗಿಟ್ಟರೆ ನೊಂದವರಿಗೂ ನ್ಯಾಯ ಸಿಕ್ಕಂತಾಗುವುದಿಲ್ಲ. ಕೇಸು ಬೇಗ ಮುಗಿಯುವುದು ಇಬ್ಬರಿಗೂ ಬೇಕಾದದ್ದು.

ನಮ್ಮ ಕೈಯಲ್ಲಿ ಏನಿದೆ?

ಕನ್ನಡ ಸಂಘಗಳು ಜೈಲು ಸೇವೆಯ ಸಂಸ್ಥೆಗಳಾಗಬೇಕು ಎಂದು ಯಾರೂ ಹೇಳುವುದಿಲ್ಲ. ಆದರೆ ಕೆಲವು ಕೆಲಸಗಳು ನಮ್ಮಿಂದ ಮಾತ್ರ ಆಗುವಂಥವು. ಮೊದಲನೆಯದು ಭಾಷೆ. ಇಲ್ಲಿ ದೂರು, ಹೇಳಿಕೆ, ವಕೀಲರ ಮಾತು ಎಲ್ಲ ಗುಜರಾತಿಯಲ್ಲಿ. ಹೊಸದಾಗಿ ಬಂದ ನಮ್ಮ ಹುಡುಗನಿಗೆ ಹಿಂದಿಯೂ ಅಷ್ಟಕ್ಕಷ್ಟೆ. ತನ್ನ ಮೇಲಿನ ಆರೋಪ ಏನೆಂದು ಕನ್ನಡದಲ್ಲೋ ತುಳುವಿನಲ್ಲೋ ತಿಳಿಸಿ ಹೇಳುವ ಒಬ್ಬರು ಸಿಕ್ಕರೆ ಅದೇ ದೊಡ್ಡ ಸಹಾಯ. ಊರಿನಿಂದ ಬರಲಾಗದ ವೃದ್ಧ ತಂದೆತಾಯಿಗೆ ಇ-ಮುಲಾಖಾತ್ ಮೂಲಕ ವೀಡಿಯೊ ಭೇಟಿಗೆ ಅರ್ಜಿ ಹಾಕಿಕೊಡುವುದು ನಮ್ಮ ಯುವ ವಿಭಾಗದವರಿಗೆ ಹತ್ತು ನಿಮಿಷದ ಕೆಲಸ.

ಎರಡನೆಯದು ಕಾನೂನು ನೆರವು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಸೌಲಭ್ಯ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹಕ್ಕು. ಸಹಾಯವಾಣಿ 15100. ಈ ಸಂಖ್ಯೆ ನಮ್ಮ ಪ್ರತಿ ಹೋಟೆಲಿನ, ಪ್ರತಿ ಸಂಘದ ಕಚೇರಿಯ ಗೋಡೆಯ ಮೇಲೆ ಇರಬೇಕು.

ಮೂರನೆಯದು ಕಷ್ಟದ್ದು, ಜಾಮೀನು ನಿಲ್ಲುವುದು. ಆರೋಪಿ ತಪ್ಪಿಸಿಕೊಂಡರೆ ಬಾಂಡಿನ ಹಣ ಜಾಮೀನುದಾರನ ತಲೆಗೆ ಬರುತ್ತದೆ. ಆದ್ದರಿಂದ ಕಣ್ಣುಮುಚ್ಚಿ ಯಾರಿಗೂ ಸಹಿ ಹಾಕಿ ಎನ್ನಲಾಗದು. ಆದರೆ ಸಂಘದಲ್ಲಿ ಮೂರು ನಾಲ್ಕು ಹಿರಿಯರ, ಒಬ್ಬ ವಕೀಲರ ಉಪಸಮಿತಿ ಇದ್ದು, ಹುಡುಗನ ಮನೆಯವರು ಯಾರು, ಕೇಸು ಎಂಥದು, ಕೆಲಸ ಕೊಟ್ಟವರು ಏನೆನ್ನುತ್ತಾರೆ ಎಂದು ವಿಚಾರಿಸಿ ತೀರ್ಮಾನಿಸಬಹುದು. ಸಣ್ಣ ಪ್ರಕರಣಗಳಲ್ಲಿ ಊರಿನ ಜಾಮೀನನ್ನೇ ಒಪ್ಪುವಂತೆ, ಇಲ್ಲವೇ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಮೋತಿರಾಮ್ ತೀರ್ಪನ್ನು ಮುಂದಿಟ್ಟು ಕೇಳಬಹುದು. ಜಾಮೀನು ನಿಲ್ಲಲು ಆಗದಿದ್ದರೂ ಈ ಮಟ್ಟಿಗೆ ಜೊತೆ ನಿಲ್ಲಬಹುದು.

ಕೊನೆಯದು, ಹೊರಬಂದ ಮೇಲೆ ಒಂದು ಕೆಲಸ. ಜಾನ್ ಬಾಸ್ಕೊ ಟ್ಯೂರಿನ್‌ನಲ್ಲಿ ಕಂಡದ್ದು ಇದನ್ನೇ. ಹೊರಗೆ ಕೆಲಸವೂ ಗೆಳೆಯರೂ ಇಲ್ಲದವನಿಗೆ ಜೈಲಿನ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಕರ್ನಾಟಕದ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿದಾಗ ಜನ ಟಿಕೆಟ್ ಕೊಂಡು ನೋಡಿ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದಾಗ ಕೊಟ್ಟ ಚಪ್ಪಾಳೆ ಸುಲಭ. ಅದೇ ಮನುಷ್ಯ ಕೆಲಸ ಕೇಳಿಕೊಂಡು ನಮ್ಮ ಹೋಟೆಲಿನ ಗಲ್ಲಾದ ಮುಂದೆ ನಿಂತಾಗ ನಾವು ಏನು ಹೇಳುತ್ತೇವೆ ಎಂಬುದು ನಿಜವಾದ ಪರೀಕ್ಷೆ.

ನಮ್ಮ ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ರಾಜ್ಯೋತ್ಸವ, ಕ್ರೀಡಾಕೂಟ, ವಿದ್ಯಾರ್ಥಿವೇತನಗಳ ಚರ್ಚೆ ಇದ್ದೇ ಇರುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇನ್ನೊಂದು ಸಾಲು ಸೇರಲಿ: 'ಬಂಧನದಲ್ಲಿರುವ ಊರವರಿಗೆ ಕಾನೂನು ನೆರವು'. ಆ ಉಪಸಮಿತಿಗೆ ಒಬ್ಬ ಸಂಚಾಲಕನ ಹೆಸರು, ಒಂದು ಫೋನ್ ನಂಬರ್ ಸಾಕು. ಒಳಗಿರುವವನು ತಪ್ಪು ಮಾಡಿರಬಹುದು, ಮಾಡದೆಯೂ ಇರಬಹುದು. ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಅವನ ಮನೆಯಿಂದ ಬರುವ ಫೋನನ್ನು ಎತ್ತುವುದು ಮಾತ್ರ ನಮ್ಮ ಕೆಲಸ.